ಮದುವೆ ಕಾಗದದಷ್ಟು ಸಂದು

(ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರ ಪರವಾಗಿ ಮಾಡಿದ ಭಾಷಣ)



ಪೋಷಕರ ಪರವಾಗಿ ನಾಲ್ಕು ಮಾತು ಆಡಿ ಎಂದು ಶಾಲೆಯವರು ಕೇಳಿದಾಗ, ಭಾಷೆ, ಸಂಸ್ಕೃತಿ ಎಂದೆಲ್ಲ ಮಾತಾಡಲು ನನಗೆ ಬರುವುದಿಲ್ಲ, ಮೋಟಾರ್ ಸೈಕಲ್ ಬಗ್ಗೆ ಬೇಕಾದರೆ ಮಾತಾಡುತ್ತೇನೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡರು. ಹಾಗಾಗಿ ಮುಂದಿನ ಹತ್ತು ನಿಮಿಷ ನಿಮಗೆ ಗ್ರೀಸಿನ ವಾಸನೆ ಬಂದರೆ ಅದಕ್ಕೆ ಅವರೇ ಹೊಣೆ.

ಇಲ್ಲಿ ಮೈಸೂರು ಕಡೆಯವರು ಬಹಳ ಮಂದಿ ಇದ್ದೀರಿ. ನಿಮಗೆ ಜಾವಾ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. 1929ರಲ್ಲಿ ಪ್ರಾಗ್‌ನಲ್ಲಿ ಫ್ರಾಂಟಿಷೆಕ್ ಜಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡರು. ತಮ್ಮ ಹೆಸರಿನ 'ಜಾ', ಅವರ ಹೆಸರಿನ 'ವಾ' ಸೇರಿಸಿ ಜಾವಾ ಎಂದು ಹೆಸರಿಟ್ಟರು. 1960ರ ದಶಕದ ಆರಂಭದಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು, ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ರಸ್ತೆಗೆ ಬಂದಿದೆ, ಆದರೆ ಆ ಗಾಡಿಗಳು ಫೋರ್ ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ನಮ್ಮಪ್ಪನ ದೃಷ್ಟಿಯಲ್ಲಿ ಅವು ಬೇರೆ ಜಾತಿಯ ಪ್ರಾಣಿಗಳು.

ಅಪ್ಪ ನಂಜನಗೂಡಿನಲ್ಲಿ ನಲವತ್ತು ವರ್ಷ ಗ್ಯಾರೇಜ್ ನಡೆಸಿದವರು. ರೇಷ್ಮೆ ಮಾರುವವರು, ಮೇಷ್ಟ್ರುಗಳು, ಹಾಲಿನವರು ಎಲ್ಲರ ಜಾವಾ, ಯೆಜ್ಡಿಗಳೂ ಅವರ ಕೈಯಲ್ಲಿ ಬಿಚ್ಚಿ ಜೋಡಣೆಯಾದವೇ. ಆರು ವರ್ಷದ ಹಿಂದೆ ಗ್ಲಾಕೋಮಾ ಅವರ ಕಣ್ಣು ಪೂರ್ತಿ ತೆಗೆದುಕೊಂಡಿತು. ಗ್ಯಾರೇಜ್ ಮುಚ್ಚಿತು. ಆಮೇಲೆ ನಿಧಾನವಾಗಿ ಅವರು ಫೋನಿನ ಹತ್ತಿರ ಬರುವುದನ್ನೂ ಬಿಟ್ಟರು. ವಿಡಿಯೋ ಕಾಲ್ ಬಂದರೆ "ನನಗೇನು ಕಾಣುತ್ತೆ, ನೀವೇ ಮಾತಾಡಿ" ಎಂದು ಎದ್ದು ಹೋಗುತ್ತಿದ್ದರು.

ನನ್ನ ಮಗಳಿಗೂ ತಾತನಿಗೂ ಆಗ ನಡೆಯುತ್ತಿದ್ದ ಸಂಭಾಷಣೆ ನಿಮ್ಮಲ್ಲಿ ಬಹಳ ಮನೆಗಳಲ್ಲಿ ನಡೆಯುತ್ತದೆ. "ಊಟ ಆಯ್ತಾ ಕೂಸೇ?" "ಆಯ್ತು ತಾತ." "ಸ್ಕೂಲು?" "ಚೆನ್ನಾಗಿದೆ ತಾತ." "ಸರಿ, ಅಪ್ಪನಿಗೆ ಕೊಡು." ಒಟ್ಟು ನಲವತ್ತು ಸೆಕೆಂಡು. ಇಬ್ಬರಿಗೂ ಪ್ರೀತಿಗೆ ಕೊರತೆಯಿರಲಿಲ್ಲ. ಆಡಲು ವಿಷಯವೇ ಇರಲಿಲ್ಲ.

ಎರಡು ವರ್ಷದ ಹಿಂದೆ ಸೌತ್ ಕ್ಯಾರೊಲೈನಾದಲ್ಲಿ, ಗ್ರೀನ್‌ವಿಲ್ ಆಚೆಯ ಒಂದು ಹೊಲದ ಕೊಟ್ಟಿಗೆಯಲ್ಲಿ ಹಳೆಯ ಜಾವಾ 250 ಇದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. 1960ರ ಸುಮಾರಿನದು, ಚೆಕೊಸ್ಲೊವಾಕಿಯಾದಿಂದ ನೇರವಾಗಿ ಅಮೆರಿಕಕ್ಕೆ ಬಂದದ್ದು. ಮೈಸೂರಿನಲ್ಲಿ ಮೊದಲು ತಯಾರಾದ ಗಾಡಿಗೆ ಇದು ಅಕ್ಕನೋ ಅಣ್ಣನೋ ಆಗಬೇಕು. ಎಂಜಿನ್ ಜಾಮ್ ಆಗಿತ್ತು. ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು. ಕೆಂಗಂದು ಬಣ್ಣದ ಟ್ಯಾಂಕ್ ಮಾತ್ರ ಇನ್ನೂ ಮುಖ ತೋರಿಸುವಂತಿತ್ತು. ಪಿಕಪ್ ಬಾಡಿಗೆಗೆ ತಂದು ಅಟ್ಲಾಂಟಾದ ನಮ್ಮ ಮನೆಗೆ ಸಾಗಿಸಿದೆವು. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಕಿಕ್ಕರ್ ಒಳಗೆ ಹೋಗುತ್ತಾ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರ್. ಗೇರ್ ಬದಲಿಸುವಾಗ ಕ್ಲಚ್ಚನ್ನೂ ಅದೇ ಬಿಡಿಸುತ್ತದೆ. ಮಗಳು ಹೋಗಿ ಒತ್ತಿ ನೋಡಿ ಬಂದಳು. "ಹೋಗುತ್ತೆ ತಾತ." "ಹಂಗಾದ್ರೆ ಗಾಡಿಗೆ ಜೀವ ಐತೆ" ಎಂದರು.

ಅಂದಿನಿಂದ ಶುರುವಾಯಿತು. ಶನಿವಾರ ರಾತ್ರಿ ನಮಗೆ ಒಂಬತ್ತು ಗಂಟೆ ಎಂದರೆ ಬೇಸಿಗೆಯಲ್ಲಿ ಅಲ್ಲಿ ಭಾನುವಾರ ಬೆಳಗ್ಗೆ ಆರೂವರೆ. ನಾನು ಸ್ಪ್ಯಾನರ್ ಹಿಡಿಯುವುದು, ಮಗಳು ಟಾರ್ಚ್ ಹಿಡಿದು ಕಂಡದ್ದನ್ನು ತಾತನಿಗೆ ಹೇಳುವುದು. ಕಣ್ಣಿರುವ ತಾತನಾಗಿದ್ದರೆ ಕ್ಯಾಮರಾ ತಿರುಗಿಸಿದರೆ ಮುಗಿಯುತ್ತಿತ್ತು. ಇವರಿಗೆ ಕನ್ನಡದಲ್ಲಿ ಹೇಳದೆ ಬೇರೆ ದಾರಿಯಿರಲಿಲ್ಲ.

ಮೊದಲ ದಿನ ಅವಳು "ತಾತ, ಇಲ್ಲೊಂದು ರೌಂಡ್ ಇದೆ" ಎಂದಳು. "ರೌಂಡು ಅಂದ್ರೆ? ಚೆಂಡಿನ ಹಂಗೋ, ಬಳೆ ಹಂಗೋ, ತಟ್ಟೆ ಹಂಗೋ?" ಅವಳು ಯೋಚಿಸಿ "ಬಳೆ" ಎಂದಳು. "ಬೇರಿಂಗು. ಅದರ ಹಣೆ ಮೇಲೆ ನಂಬರ್ ಇರುತ್ತೆ, ಓದು." ಬೇರಿಂಗಿನ ಸಂಖ್ಯೆ ಜಗತ್ತಿನಲ್ಲೆಲ್ಲ ಒಂದೇ. 6204 ಎಂದರೆ ಕೊನೆಯ 04ನ್ನು ಐದರಿಂದ ಗುಣಿಸಬೇಕು, ಒಳಗಿನ ತೂತು 20 ಮಿಲಿಮೀಟರ್. ಹೊರಗೆ 47, ದಪ್ಪ 14. ಚೆಕೊಸ್ಲೊವಾಕಿಯಾದಲ್ಲಿ ತಯಾರಾದ ಗಾಡಿಗೆ ಅಟ್ಲಾಂಟಾದ ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸರಿಯಾದದ್ದು ಸಿಗುತ್ತದೆ. ಆಯಿಲ್ ಸೀಲ್ ಕೂಡ ಹಾಗೆಯೇ, ಅಳತೆ ಹೇಳಿದರೆ ಸಾಕು. ಹಳೆಯ ಗಾಡಿಯ ಎಲ್ಲ ಬಿಡಿಭಾಗವನ್ನೂ ದೇಶದೇಶ ಹುಡುಕಬೇಕೆಂದು ಜನ ತಿಳಿದಿರುತ್ತಾರೆ. ಅರ್ಧಕ್ಕರ್ಧ ಊರಿನಲ್ಲೇ ಇರುತ್ತವೆ.

ಇನ್ನರ್ಧ ಕಷ್ಟದ್ದು. ಪಿಸ್ಟನ್ನಿನ ಮೂಲ ಅಳತೆ 65 ಮಿಲಿಮೀಟರ್. ಸಿಲಿಂಡರ್ ಸವೆದಂತೆ ಕಾಲು ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕುತ್ತಾ ಹೋಗಬೇಕು. ನಾನು ಸಿಲಿಂಡರನ್ನು ಬೋರಿಂಗಿಗೆ ಕೊಡುತ್ತೇನೆ ಎಂದಾಗ ಅಪ್ಪ ತಡೆದರು. "ಮೊದಲು ಪಿಸ್ಟನ್ ಕೈಗೆ ಬರಲಿ. ಕಾಲು ನೋಡಿ ಚಪ್ಪಲಿ ಹೊಲೀಬೇಕು." ಮೈಸೂರಿನಲ್ಲಿ ಅವರ ಹಳೆಯ ಪರಿಚಯದವರೊಬ್ಬರು ಪಿಸ್ಟನ್, ರಿಂಗ್ ಹುಡುಕಿಕೊಟ್ಟರು. ನನ್ನ ಅತ್ತಿಗೆ ಅದನ್ನು ಟವೆಲಿನಲ್ಲಿ ಸುತ್ತಿ ಹಪ್ಪಳದ ಡಬ್ಬಿಗಳ ನಡುವೆ ಇಟ್ಟು ತಂದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಿಸ್ಟನ್ ನೋಡಿ ಏನೂ ಕೇಳಲಿಲ್ಲವಂತೆ, ಹಪ್ಪಳ ಏನೆಂದು ಕೇಳಿದನಂತೆ.

ಅಲಬಾಮಾದ ಬರ್ಮಿಂಗ್‌ಹ್ಯಾಮ್ ಹತ್ತಿರ ಬಾರ್ಬರ್ ಮೋಟಾರ್ ಸೈಕಲ್ ಮ್ಯೂಸಿಯಂ ಇದೆ, 1600ಕ್ಕೂ ಹೆಚ್ಚು ಗಾಡಿಗಳ ಸಂಗ್ರಹ. ನೀವು ಗಾಡಿ ಹುಚ್ಚಿನವರಲ್ಲದಿದ್ದರೂ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಹಳೆಯ ಗಾಡಿಗಳ ಹಬ್ಬ ನಡೆಯುತ್ತದೆ, ಜೊತೆಗೆ ಹಳೆಯ ಸಾಮಾನಿನ ಮಾರಾಟ. ಬಯಲಿನಲ್ಲಿ ಟಾರ್ಪಾಲ್ ಹಾಸಿ ತುಕ್ಕು ಹಿಡಿದದ್ದನ್ನೆಲ್ಲ ಹರಡಿ ಕೂತಿರುತ್ತಾರೆ. ಮಗಳು ಫೋನಿನಲ್ಲಿ ಬಣ್ಣಿಸಿದಾಗ ಅಪ್ಪ "ಓ, ಅಲ್ಲೂ ಸಂತೆ ಐತಾ!" ಎಂದರು. ಟ್ಯಾಂಕಿನ ಮೊಣಕಾಲು ರಬ್ಬರ್ ನಮಗೆ ಸಿಕ್ಕಿದ್ದು ಅಲ್ಲೇ. ಇಪ್ಪತ್ತು ಡಾಲರ್ ಹೇಳಿದವನ ಹತ್ತಿರ ಹದಿನಾಲ್ಕಕ್ಕೆ ಇಳಿಸಿದೆ. ಇಳಿಸಿದ್ದು ಎಷ್ಟೆಂದು ಕೇಳಿಕೊಂಡ ಮೇಲೇ ಅಪ್ಪನಿಗೆ ಸಮಾಧಾನ.

ಪೆಟ್ರೋಲಿನದು ಇನ್ನೊಂದು ಕಥೆ. ಇಲ್ಲಿ ಬಂಕಿನಲ್ಲಿ ಸಿಗುವುದರಲ್ಲಿ ಸಾಮಾನ್ಯವಾಗಿ ಶೇಕಡಾ 10 ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ದೋಣಿ ಇಟ್ಟುಕೊಂಡವರಿಗೆಂದು ಎಥನಾಲ್ ಇಲ್ಲದ್ದನ್ನು ಮಾರುವ ಬಂಕುಗಳಿವೆ, ಅಲ್ಲಿಂದ ತರುತ್ತೇವೆ. ಟೂ ಸ್ಟ್ರೋಕ್ ಆದ್ದರಿಂದ ಅದಕ್ಕೆ ಆಯಿಲ್ ಬೆರೆಸಬೇಕು. ಗ್ಯಾಲನ್ನನ್ನು ಲೀಟರಿಗೆ, ಲೀಟರನ್ನು ಮಿಲಿಲೀಟರಿಗೆ ತಿರುಗಿಸುವ ಲೆಕ್ಕ ಮಗಳದು, ಸರಿಯೋ ತಪ್ಪೋ ನೋಡುವುದು ತಾತ. ಹೀಗೆ ಅವಳಿಗೆ ಕನ್ನಡದ ಅಂಕಿಗಳು ನೂರರಾಚೆಗೂ ಬಂದವು.

ಶಿಕ್ಷಕರಿಗೆ ಒಂದು ವಿಷಯ ಹೇಳಲೇಬೇಕು. ಮೊದಲ ತರಗತಿಯಲ್ಲಿ ನೀವು ಕಲಿಸಿದ ದೇಹದ ಭಾಗಗಳ ಪಾಠ ನಮ್ಮ ಗ್ಯಾರೇಜಿನಲ್ಲಿ ಕೆಲಸಕ್ಕೆ ಬಂದಷ್ಟು ಬೇರೆ ಯಾವುದೂ ಬರಲಿಲ್ಲ. ಸ್ಪ್ರಾಕೆಟ್ಟಿಗೆ ಹಲ್ಲು, ಬೋಲ್ಟಿಗೆ ತಲೆ, ಕಾರ್ಬ್ಯುರೇಟರಿಗೆ ಕತ್ತು, ಸೈಲೆನ್ಸರಿಗೆ ಹೊಟ್ಟೆ. ಬರದಿದ್ದವು ಕ್ರಿಯಾಪದಗಳು: ಸಡಿಲಿಸು, ಬಿಗಿ ಮಾಡು, ಉಜ್ಜು, ಒರೆಸು, ಸವೆ, ಜಿನುಗು. ಇವು ಅಡುಗೆಮನೆಯಲ್ಲೂ ಬೇಕಾದ ಮಾತುಗಳೇ. ಮುಂದಿನ ವರ್ಷ ತರಗತಿಯಲ್ಲಿ ಒಂದು ಆಟ ಆಡಿಸಿ ನೋಡಿ. ಒಂದು ಮಗುವಿನ ಕಣ್ಣು ಕಟ್ಟಿ, ಇನ್ನೊಂದು ಮಗುವಿನ ಕೈಗೆ ಶ್ಯಾವಿಗೆ ಒರಳೋ ಬೀಗವೋ ಕೊಟ್ಟು ವರ್ಣಿಸಲು ಹೇಳಿ.

ಪಾಯಿಂಟ್ ಜೋಡಿಸುವ ದಿನ, ಎರಡು ಪಾಯಿಂಟಿನ ನಡುವೆ ಎಷ್ಟು ಸಂದು ಬಿಡಬೇಕು ಎಂದು ಮಗಳು ಕೇಳಿದಳು. "ಮದುವೆ ಕಾಗದದಷ್ಟು" ಎಂದರು ಅಪ್ಪ. ಅವಳಿಗೆ ಅರ್ಥವಾಗಲಿಲ್ಲ. ಕೈಪಿಡಿಯಲ್ಲಿ 0.4 ಮಿಲಿಮೀಟರ್ ಎಂದಿತ್ತು. ಮನೆಯಲ್ಲಿ ಹುಡುಕಿದರೆ ನಮ್ಮದೇ ಮದುವೆಯ ಆಮಂತ್ರಣ ಪತ್ರಿಕೆ ಸಿಕ್ಕಿತು. ಅವಳು ಮೈಕ್ರೋಮೀಟರ್ ಹಿಡಿದು ಅಳೆದಳು. 0.38. "ತಾತ, ನಿಮ್ಮದು ಎರಡು ಪಾಯಿಂಟ್ ಕಮ್ಮಿ!" "ನಿಮ್ಮಪ್ಪನ ಮದುವೆ ಕಾಗದ ಸ್ವಲ್ಪ ತೆಳು ಕಣವ್ವ, ದುಡ್ಡು ಉಳಿಸೋಕೆ ನಾನೇ ಹಂಗೆ ಹೇಳಿದ್ದೆ" ಎಂದರು.

ಕಳೆದ ಸೆಪ್ಟೆಂಬರಿನಲ್ಲಿ, ಹದಿಮೂರು ತಿಂಗಳಾದ ಮೇಲೆ, ಎಂಜಿನ್ ಶುರುವಾಯಿತು. ಏಳನೇ ಕಿಕ್ಕಿಗೆ. ಕಿಕ್ ಹೊಡೆದದ್ದು ಮಗಳು. ಹೊಗೆ ಹೋಗಲೆಂದು ಗ್ಯಾರೇಜಿನ ಬಾಗಿಲು ತೆರೆದು, ಫೋನನ್ನು ಸೈಲೆನ್ಸರ್ ಹತ್ತಿರ ಹಿಡಿದಳು. ಅಪ್ಪ ಏನೂ ಮಾತಾಡಲಿಲ್ಲ. ಕಾಲ್ ಕಟ್ ಆಯಿತೇನೋ ಎಂದುಕೊಂಡೆ. ಸುಮಾರು ಒಂದು ನಿಮಿಷದ ಮೇಲೆ "ಗಾಳಿ ಎಳೀತಾ ಐತೆ" ಎಂದರು. "ಕಾರ್ಬ್ಯುರೇಟರ್ ಕತ್ತು ಎಂಜಿನ್‌ಗೆ ಕೂಡೋ ಜಾಗದಲ್ಲಿ ಒಂದಿಷ್ಟು ಗ್ರೀಸ್ ಹಚ್ಚು ಕೂಸೇ. ಸದ್ದು ಬದಲಾಗುತ್ತಾ ಹೇಳು." ಅವಳು ಹಚ್ಚಿದಳು. ಸದ್ದು ಬದಲಾಯಿತು. ಪ್ಯಾಕಿಂಗ್ ಸರಿಯಾಗಿ ಕೂತಿರಲಿಲ್ಲ. ಸುಮಾರು ಒಂಬತ್ತು ಸಾವಿರ ಮೈಲಿಯಾಚೆ ಕೂತು, ಕಣ್ಣಿಲ್ಲದೆ, ಅದನ್ನು ಹಿಡಿದಿದ್ದರು.

ಈಗ ಭಾನುವಾರ ಬೆಳಗ್ಗೆ ಆರು ಗಂಟೆಗೇ ಅಪ್ಪ ಗಡ್ಡ ಮಾಡಿಕೊಂಡು ಫೋನಿನ ಪಕ್ಕ ಕೂತಿರುತ್ತಾರೆ ಎಂದು ಅಮ್ಮ ಹೇಳುತ್ತಾರೆ. ನಾನು ಮಾತಿಗೆ ಸಿಕ್ಕರೆ "ಅವಳಿಗೆ ಕೊಡು" ಎನ್ನುತ್ತಾರೆ. ನನ್ನ ಪಾಲಿಗೆ ಈಗ ನಲವತ್ತು ಸೆಕೆಂಡು.

ಗಾಡಿಗೆ ಹೊಸ ಬಣ್ಣ ಹೊಡೆಸಿಲ್ಲ, ಹೊಡೆಸುವುದೂ ಇಲ್ಲ. ಅರವತ್ತು ವರ್ಷ ಬಾಳಿದ ಬಣ್ಣಕ್ಕೆ ಪಾಲಿಶ್ ಸಾಕು. ಇನ್ನು ಎರಡು ಕೆಲಸ ಬಾಕಿಯಿವೆ. ಹೆಡ್‌ಲೈಟಿನ ಸುತ್ತಿನ ರಿಂಗ್ ಸೊಟ್ಟಗಾಗಿದೆ, ಸ್ಪೀಡೋಮೀಟರಿನ ಕೇಬಲ್ ಇಲ್ಲ. ಎರಡೂ ಮೈಸೂರಿನಲ್ಲಿ ಸಿದ್ಧವಾಗಿ ಕಾಯುತ್ತಿವೆ, ಎರಡೂ ಸೇರಿ ಒಂದು ಕಿಲೋ ಕೂಡ ಇಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋಗುವವರಲ್ಲಿ ಯಾರ ಸೂಟ್‌ಕೇಸಿನಲ್ಲಾದರೂ ಜಾಗವಿದ್ದರೆ, ಊಟದ ಸಾಲಿನಲ್ಲಿ ನನ್ನನ್ನು ಹಿಡಿದುಕೊಳ್ಳಿ. ಹಪ್ಪಳ ನಾನೇ ಕೊಡಿಸುತ್ತೇನೆ.