ಲಿಂಕನ್ನರ ಮೊದಲ ನಾಲ್ಕು ವರ್ಷ: ಹೇಳಿದ ಭವಿಷ್ಯವೂ ನಡೆದ ಸಂಗತಿಯೂ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಅಮೇರಿಕೆಯಲ್ಲಿ ಹೊಸ ಅಧ್ಯಕ್ಷರು ಆರಿಸಿ ಬಂದಾಗಲೆಲ್ಲ ನಮ್ಮ ಈ ಪತ್ರಿಕೆಯ ಮೇಜಿನ ಸುತ್ತ ಜೋಯಿಸರ ಸಂಖ್ಯೆ ಹೆಚ್ಚುತ್ತದೆ. ಯುದ್ಧ ಖಂಡಿತವೆಂದು ಒಬ್ಬರು, ಇರುವ ಯುದ್ಧವೂ ನಿಲ್ಲುವುದೆಂದು ಇನ್ನೊಬ್ಬರು. ಚಿನ್ನ ಏರುತ್ತದೆಂದು ಒಬ್ಬರು, ಇಳಿಯುತ್ತದೆಂದು ಮತ್ತೊಬ್ಬರು. ಬರಿಯ ಮಾತಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಈ ಮಾತುಗಳನ್ನು ಕೇಳಿಕೊಂಡು ಸಂಬಳದಲ್ಲಿ ಉಳಿಸಿದ ನಾಲ್ಕು ಕಾಸನ್ನು ಷೇರಿಗೆ ಹಾಕಲೋ, ಊರಿಗೆ ಕಳಿಸಲೋ ಎಂದು ನಿರ್ಧಾರ ಮಾಡುವವರೂ ನಮ್ಮಲ್ಲಿ ಇದ್ದಾರೆ. ಆದಕಾರಣ ಹೊಸ ಅಧ್ಯಕ್ಷರ ಮೊದಲ ಅವಧಿ ಹೇಗೆ ಸಾಗೀತೆಂದು ಮುಂದಾಗಿ ಹೇಳುವುದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನು ಒಂದೇ ಒಂದು ಉದಾಹರಣೆ ಹಿಡಿದು ವಿಚಾರಿಸೋಣವೆಂದು ಬಂದಿದ್ದೇನೆ. ಆ ಉದಾಹರಣೆ ಅಬ್ರಹಾಂ ಲಿಂಕನ್ನರದು.

ಅಷ್ಟು ದೂರದ, ಅಷ್ಟು ಹಳೆಯ ಅಧ್ಯಕ್ಷರಿಂದ ಮುಂಬಯಿಯಲ್ಲಿರುವ ಕನ್ನಡಿಗರಿಗೇನು ಎಂದು ಕೇಳುವವರು ಫೋರ್ಟಿನಲ್ಲಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಗಡಿಯಾರವನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಅದಕ್ಕೆ ಹಣ ಕೊಟ್ಟವರು ಪ್ರೇಮಚಂದ್ ರಾಯಚಂದ್. ಹೆಸರು ಅವರ ತಾಯಿಯದು. ಹಣ ಬಂದದ್ದು ಹತ್ತಿಯ ವ್ಯಾಪಾರದಿಂದ. ಹತ್ತಿಗೆ ಆ ಬೆಲೆ ಬಂದದ್ದು ಲಿಂಕನ್ನರ ಮೊದಲ ಅವಧಿಯಲ್ಲಿ ನಡೆದ ಅಂತರ್ಯುದ್ಧದಿಂದ. ಆ ಹತ್ತಿಯಲ್ಲಿ ನಮ್ಮ ಧಾರವಾಡದ್ದೂ ಇತ್ತು. ಆ ಮಾತಿಗೆ ಮುಂದೆ ಬರುತ್ತೇನೆ.

1860ನೆಯ ಇಸವಿ ನವೆಂಬರ್ 6ರಂದು ಚುನಾವಣೆ ನಡೆಯಿತು. ಸ್ಪರ್ಧೆಗೆ ನಿಂತವರು ನಾಲ್ವರು. ಲಿಂಕನ್ನರಿಗೆ ಬಿದ್ದ ಮತ ನೂರಕ್ಕೆ ನಲವತ್ತರಷ್ಟೂ ಇಲ್ಲ. ದಕ್ಷಿಣದ ಹೆಚ್ಚಿನ ಸಂಸ್ಥಾನಗಳಲ್ಲಿ ಅವರ ಹೆಸರಿನ ಮತಪತ್ರವೇ ಇರಲಿಲ್ಲ. ಆದರೂ ಅಲ್ಲಿಯ ಪದ್ಧತಿಯಂತೆ ಅಧ್ಯಕ್ಷರನ್ನು ಆರಿಸುವ 303 ಮತದಾರರ ಪೈಕಿ 180 ಮಂದಿ ಅವರ ಕಡೆಯವರಾದುದರಿಂದ ಗೆದ್ದರು. ಅವರ ಹಿಂದಿನ ಅನುಭವವೋ, ಕೆಳಮನೆಯಲ್ಲಿ ಎರಡು ವರ್ಷದ ಒಂದು ಅವಧಿ, ಸೆನೆಟ್ಟಿಗೆ ಎರಡು ಸಲ ಸೋಲು, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವಕೀಲಿ. ಅಧಿಕಾರ ವಹಿಸಿಕೊಳ್ಳುವುದು ಮಾರ್ಚ್ 4ರಂದು. ನಡುವೆ ನಾಲ್ಕು ತಿಂಗಳು. ಭವಿಷ್ಯ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಬೇಕೆ?

ದಕ್ಷಿಣದ ಜಮೀನುದಾರರ ಭವಿಷ್ಯ ಹೀಗಿತ್ತು: ಈತ ಬಂದೊಡನೆ ಗುಲಾಮಗಿರಿ ತೆಗೆದುಹಾಕುತ್ತಾನೆ, ನಮ್ಮ ಮನೆ ಹಾಳು. ಆಗ ಗುಲಾಮರಾಗಿದ್ದವರು ಸುಮಾರು 40 ಲಕ್ಷ ಜನ. ಲಿಂಕನ್ನರಾದರೋ ಇರುವ ಕಡೆ ಗುಲಾಮಗಿರಿಯ ತಂಟೆಗೆ ಹೋಗುವುದಿಲ್ಲ, ಹೊಸ ಪ್ರದೇಶಗಳಿಗೆ ಮಾತ್ರ ಅದು ಹರಡಕೂಡದು ಎಂದು ಮೊದಲಿಂದ ಹೇಳುತ್ತ ಬಂದಿದ್ದರು. 1858ರಲ್ಲಿ ಡಗ್ಲಸ್ ಎಂಬವರೊಡನೆ ಅವರು ನಡೆಸಿದ ಏಳು ವಾದಗಳು ಪುಸ್ತಕವಾಗಿ ಅಚ್ಚಾಗಿದ್ದವು. ಅದನ್ನು ಓದಿದವನಿಗೆ, ಈ ಮನುಷ್ಯ ಬೇರೆಲ್ಲದರಲ್ಲಿ ಬಗ್ಗಿಯಾನು, ಹೊಸ ಪ್ರದೇಶಗಳ ವಿಷಯದಲ್ಲಿ ಬಗ್ಗುವುದಿಲ್ಲ ಎಂದು ತಿಳಿಯುವುದು ಕಷ್ಟವಿರಲಿಲ್ಲ. ಡಿಸೆಂಬರಿನಲ್ಲಿ ರಾಜಿಯ ಮಾತುಕತೆ ನಡೆದಾಗ ಅವರು ತಮ್ಮ ಪಕ್ಷದವರಿಗೆ ಕಾಗದ ಬರೆದು ತಡೆದದ್ದೂ ಅದೊಂದೇ ವಿಷಯವನ್ನು. ಆದರೆ ಪುಸ್ತಕ ಓದುವ ತಾಳ್ಮೆ ಯಾರಿಗೆ? ಹೆದರಿದವನಿಗೆ ಹಗ್ಗವೂ ಹಾವು.

ಸರಿಯಾದ ಲೆಕ್ಕ ಹಾಕಿದವನೊಬ್ಬ ದಕ್ಷಿಣದಲ್ಲೇ ಇದ್ದ. ಜಾರ್ಜಿಯಾ ಸಂಸ್ಥಾನದ ಅಲೆಕ್ಸಾಂಡರ್ ಸ್ಟೀಫನ್ಸ್. ಚುನಾವಣೆಯಾದ ಎಂಟೇ ದಿನಕ್ಕೆ ಆತ ತನ್ನ ಜನರಿಗೆ ತಿಳಿಹೇಳಿದ: ಅಧ್ಯಕ್ಷ ಸರ್ವಾಧಿಕಾರಿಯಲ್ಲ, ಎರಡು ಮನೆಗಳಲ್ಲೂ ಬಹುಮತ ಅವನ ವಿರುದ್ಧವೇ ಇದೆ, ನಾವು ಎದ್ದು ಹೋಗದಿದ್ದರೆ ಅವನು ಏನೂ ಮಾಡಲಾರ. ಎಷ್ಟು ಸರಳವಾದ ಮಾತು! ಯಾರೂ ಕೇಳಲಿಲ್ಲ. ಡಿಸೆಂಬರ್ 20ರಂದು ದಕ್ಷಿಣ ಕೆರೊಲೈನಾ ಒಕ್ಕೂಟ ಬಿಟ್ಟು ಹೊರಟಿತು. ಫೆಬ್ರವರಿ ಆರಂಭಕ್ಕೆ ಏಳು ಸಂಸ್ಥಾನಗಳು ಹೋಗಿದ್ದವು. ಸ್ಟೀಫನ್ಸನೂ ಅವರ ಹಿಂದೆ ಹೋಗಿ, ಬಂಡೆದ್ದವರ ಸರಕಾರಕ್ಕೆ ಉಪಾಧ್ಯಕ್ಷನಾದ. ತಾನು ಬೇಡವೆಂದ ಗಾಡಿಗೆ ತಾನೇ ಹತ್ತಿದ ಹಾಗೆ.

ಇದರ ಫಲವೇನಾಯಿತೆಂಬುದನ್ನು ಸ್ವಲ್ಪ ಗಮನಿಸಬೇಕು. ದಕ್ಷಿಣದ ಸದಸ್ಯರು ಎದ್ದುಹೋದುದರಿಂದ ಖಾಲಿಯಾದ ಕುರ್ಚಿಗಳೇ ಲಿಂಕನ್ನರ ಪಕ್ಷಕ್ಕೆ ಬಹುಮತ ತಂದುಕೊಟ್ಟವು. 1862ರಲ್ಲಿ ಒಂದರ ಹಿಂದೊಂದು ಕಾನೂನು ಬಂತು: ಬಡ ಒಕ್ಕಲಿಗನಿಗೆ 160 ಎಕರೆ ಸರಕಾರಿ ಜಮೀನು ಕೊಡುವುದು, ಪಶ್ಚಿಮ ಸಮುದ್ರದವರೆಗೆ ರೈಲುದಾರಿ ಹಾಕುವುದು, ಜಮೀನಿನ ನೆರವು ಕೊಟ್ಟು ಸಂಸ್ಥಾನಗಳಲ್ಲಿ ಕಾಲೇಜು ಕಟ್ಟಿಸುವುದು. ಇವುಗಳಲ್ಲಿ ಮೊದಲೆರಡು 1860ರ ಪಕ್ಷದ ಪ್ರಣಾಳಿಕೆಯಲ್ಲೇ ಅಚ್ಚಾಗಿದ್ದವು. ಯುದ್ಧದ ಗದ್ದಲದಲ್ಲಿ ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ಅವಧಿಯ ಅರ್ಧ ಕಥೆ ಇಲ್ಲಿಯೇ ಇದೆ. ದಕ್ಷಿಣದವರು ಸುಮ್ಮನೆ ಕುಳಿತಿದ್ದರೆ ಇವು ಜಾರಿಗೆ ಬರುವುದೇ ಕಷ್ಟವಾಗುತ್ತಿತ್ತು.

ಇನ್ನು ಉತ್ತರದವರ ಭವಿಷ್ಯ. ಇಲಿನಾಯ್ ಸಂಸ್ಥಾನದ ಈ ವಕೀಲ ಹೆಸರಿಗೆ ಮಾತ್ರ ಅಧ್ಯಕ್ಷ, ರಾಜ್ಯವಾಳುವವರು ವಿಲಿಯಂ ಸೀವರ್ಡ್ ಎಂದು ತಿಳಿದವರು ಅನೇಕರು. ಸೀವರ್ಡರೂ ಹಾಗೆಯೇ ತಿಳಿದಿದ್ದರು! ದಕ್ಷಿಣದ ಗಲಾಟೆಯೆಲ್ಲ ಅರುವತ್ತು ತೊಂಬತ್ತು ದಿನಗಳಲ್ಲಿ ಅಡಗುವುದೆಂದೂ ಅವರೇ ಹೇಳುತ್ತಿದ್ದರು. ಲಿಂಕನ್ನರು ಪಕ್ಷದ ಉಮೇದುವಾರಿಕೆಗೆ ತಮ್ಮೊಡನೆ ಪೈಪೋಟಿ ನಡೆಸಿದ್ದ ಸೀವರ್ಡ್, ಚೇಸ್, ಕ್ಯಾಮೆರಾನ್, ಬೇಟ್ಸ್ ನಾಲ್ವರನ್ನೂ ಮಂತ್ರಿಮಂಡಲಕ್ಕೆ ಸೇರಿಸಿಕೊಂಡರು. ಏಪ್ರಿಲ್ 1ರಂದು ಸೀವರ್ಡ್ ಒಂದು ಟಿಪ್ಪಣಿ ಬರೆದು, ಸರಕಾರಕ್ಕೆ ಇನ್ನೂ ಒಂದು ನೀತಿಯೇ ಇಲ್ಲ, ಬೇಕಾದರೆ ಆ ಹೊಣೆ ತಾನು ಹೊರಬಲ್ಲೆ ಎಂಬರ್ಥದ ಸೂಚನೆ ಕೊಟ್ಟರು. ಮಾಡಬೇಕಾದುದನ್ನು ತಾನೇ ಮಾಡಬೇಕು ಎಂದು ಲಿಂಕನ್ನರು ವಿನಯದಿಂದಲೇ ಉತ್ತರಿಸಿದರು. ಅಲ್ಲಿಗೆ ಆ ಭವಿಷ್ಯವೂ ಮುಗಿಯಿತು.

ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಇದೇನು ಹೊಸದಲ್ಲ. ಹೊಸ ಸಾಹೇಬರು ಬಂದಾಗ ಅವರು ಹಾರ ಹಾಕಿಸಿಕೊಂಡು ಮಾಡಿದ ಭಾಷಣವನ್ನು ಹೆಡ್ ಕ್ಲಾರ್ಕು ಕಿವಿಗೇ ಹಾಕಿಕೊಳ್ಳುವುದಿಲ್ಲ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಎಂಬ ಗಾದೆ ಅವನಿಗೆ ಗೊತ್ತು. ಅವನು ವಿಚಾರಿಸುವುದು ಬೇರೆ: ಸಾಹೇಬರು ಹಿಂದಿದ್ದ ಕಡೆ ಏನು ಮಾಡಿದರು, ಜೊತೆಗೆ ಯಾರನ್ನು ಕರೆತಂದರು, ಮೊದಲು ಯಾವ ಕಡತ ತರಿಸಿದರು. ಅದಕ್ಕಿಂತ ಹೆಚ್ಚಾಗಿ, ಹಿಂದಿನ ಸಾಹೇಬರು ಸಹಿ ಮಾಡದೆ ಬಿಟ್ಟುಹೋದ ಕಡತ ಯಾವುದು?

ಲಿಂಕನ್ನರಿಗೂ ಅಂಥದೊಂದು ಕಡತ ಕಾದಿತ್ತು. ಹಿಂದಿನ ಅಧ್ಯಕ್ಷ ಬ್ಯುಕ್ಯಾನನ್ನರು, ಬಿಟ್ಟುಹೋಗುವ ಹಕ್ಕು ಸಂಸ್ಥಾನಗಳಿಗಿಲ್ಲ, ಬಲವಂತವಾಗಿ ತಡೆಯುವ ಹಕ್ಕು ಸರಕಾರಕ್ಕೂ ಇಲ್ಲ ಎಂದು ಹೇಳಿ ನಾಲ್ಕು ತಿಂಗಳು ಕಳೆದಿದ್ದರು. ಅಧಿಕಾರ ವಹಿಸಿಕೊಂಡ ಮರುದಿನವೇ ಲಿಂಕನ್ನರ ಕೈಗೆ ಬಂದದ್ದು ಸಮ್ಟರ್ ಕೋಟೆಯ ದಳಪತಿಯ ವರದಿ: ಉಳಿದ ಆಹಾರ ಸುಮಾರು ಆರು ವಾರಕ್ಕೆ. ಕೋಟೆಯಿದ್ದುದು ದಕ್ಷಿಣ ಕೆರೊಲೈನಾದ ಬಂದರಿನ ಬಾಯಲ್ಲಿ. ಬಿಟ್ಟುಕೊಟ್ಟರೆ ಒಕ್ಕೂಟ ಹೋಯಿತು, ಸೈನ್ಯ ಕಳಿಸಿದರೆ ಯುದ್ಧ ತಾನೇ ಹೂಡಿದಂತೆ. ಅವರು ಒಂದು ತಿಂಗಳು ಯೋಚಿಸಿ, ತಾನು ಕಳಿಸುತ್ತಿರುವುದು ಆಹಾರ ಮಾತ್ರ, ತಡೆಯದಿದ್ದರೆ ಸೈನಿಕರನ್ನಾಗಲಿ ಆಯುಧಗಳನ್ನಾಗಲಿ ಇಳಿಸುವುದಿಲ್ಲ ಎಂದು ಅಲ್ಲಿಯ ಗವರ್ನರರಿಗೆ ಮುಂಚಿತವಾಗಿ ತಿಳಿಸಿ ಹಡಗು ಕಳಿಸಿದರು. ಎದುರು ಪಕ್ಷದವರು ಏಪ್ರಿಲ್ 12ರಂದು ಗುಂಡು ಹಾರಿಸಿದರು. 15ರಂದು ಲಿಂಕನ್ನರು 75,000 ಜನರನ್ನು ಸೈನ್ಯಕ್ಕೆ ಕರೆದರು. ಎಷ್ಟು ಕಾಲಕ್ಕೆ? ಮೂರು ತಿಂಗಳಿಗೆ. ಯುದ್ಧ ನಡೆದದ್ದು ನಾಲ್ಕು ವರ್ಷ. ಸತ್ತವರು ಆರು ಲಕ್ಷಕ್ಕೂ ಹೆಚ್ಚು.

ಈಗ ಹತ್ತಿಗೆ ಬರೋಣ. ದಕ್ಷಿಣದವರ ಎಲ್ಲ ಭವಿಷ್ಯಗಳ ತಾಯಿಬೇರು ಹತ್ತಿ. ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅವರಿಂದಲೇ ಹೋಗುತ್ತಿತ್ತು. ಹತ್ತಿಯೇ ಅರಸು, ಅದು ನಿಂತರೆ ಇಂಗ್ಲೆಂಡು ಉರುಳೀತು ಎಂದು ಸೆನೆಟರ್ ಹ್ಯಾಮಂಡ್ 1858ರಲ್ಲೇ ಸಾರಿದ್ದರು. ನಾವು ಹತ್ತಿ ತಡೆಹಿಡಿದರೆ ಇಂಗ್ಲೆಂಡಿನ ನೌಕಾದಳ ನಮ್ಮ ನೆರವಿಗೆ ಬಂದೇ ಬರುತ್ತದೆ, ಲಿಂಕನ್ ಮಂಡಿಯೂರುತ್ತಾನೆ ಎಂಬುದು ಅವರ ಲೆಕ್ಕ. 1861ರಲ್ಲಿ ಹತ್ತಿ ನಿಲ್ಲಿಸಿಯೂ ನೋಡಿದರು. ಲಿಂಕನ್ನರು ಬಂದರುಗಳಿಗೆ ದಿಗ್ಬಂಧನ ಹಾಕಿದ ಮೇಲಂತೂ ತಾವೇ ಕಳಿಸಬೇಕೆಂದರೂ ದಾರಿಯಿಲ್ಲ.

ಇಂಗ್ಲೆಂಡು ಬರಲಿಲ್ಲ. ಹಿಂದಿನ ವರ್ಷಗಳ ಸಮೃದ್ಧ ಬೆಳೆಯಿಂದ ಅಲ್ಲಿಯ ಉಗ್ರಾಣಗಳಲ್ಲಿ ಹತ್ತಿಯ ದಾಸ್ತಾನಿತ್ತು. ಅದು ಮುಗಿಯುವ ಹೊತ್ತಿಗೆ ಈಜಿಪ್ಟಿನಿಂದಲೂ ಭಾರತದಿಂದಲೂ ಹತ್ತಿ ಹೊರಟಿತು. 1862ರಲ್ಲಿ ಬ್ರಿಟನ್ನಿಗೆ ಹೋದ ಹತ್ತಿಯಲ್ಲಿ ಭಾರತದ ಪಾಲೇ ದೊಡ್ಡದು. ಧಾರವಾಡದ ಸೀಮೆಯಲ್ಲಿ 1840ರ ದಶಕದಿಂದಲೇ ಅಮೇರಿಕೆಯ ಬೀಜದ ಹತ್ತಿ ಬೆಳೆಯುತ್ತಿದ್ದರು; ಧಾರವಾಡ-ಅಮೇರಿಕನ್ ಎಂದೇ ಅದಕ್ಕೆ ಹೆಸರು. ಆ ಹತ್ತಿಯ ಅಂಡಿಗೆಗಳನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಮ್ಯಾಂಚೆಸ್ಟರಿನ ಆತುರವೂ ಕಾರಣವಾಗಿ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ, ಕುಮಟೆಯ ಕಡೆಯವರು ಇಲ್ಲಿ ಯಾರಾದರೂ ಇದ್ದರೆ, ತಮ್ಮ ಅಜ್ಜಂದಿರು ಮುಂಬಯಿ ಸರಕಾರದ ಪ್ರಜೆಗಳಾದುದರ ಹಿಂದೆ ಅಮೇರಿಕೆಯ ಹತ್ತಿಯ ಚಿಂತೆಯೂ ಇತ್ತೆಂದು ತಿಳಿಯಬಹುದು.

ಲ್ಯಾಂಕಾಶೈರಿನ ಗಿರಣಿ ಕೆಲಸಗಾರರ ವಿಷಯದಲ್ಲೂ ದಕ್ಷಿಣದವರ ಲೆಕ್ಕ ತಪ್ಪಿತು. ಹತ್ತಿಯಿಲ್ಲದೆ ಗಿರಣಿ ಮುಚ್ಚಿ ಲಕ್ಷಾಂತರ ಜನ ಗಂಜಿಗೆ ಕೈಯೊಡ್ಡಿದರು. ಹೊಟ್ಟೆ ಹಸಿದರೆ ಇವರು ಲಿಂಕನ್ನರ ವಿರುದ್ಧ ಕೂಗೆಬ್ಬಿಸುವರೆಂದು ಎಣಿಸಲಾಗಿತ್ತು. ಹಾಗೆ ಕೂಗಿದವರೂ ಇದ್ದರೆನ್ನಿ. ಆದರೆ ಮ್ಯಾಂಚೆಸ್ಟರಿನ ಕೆಲಸಗಾರರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮರ ಬಿಡುಗಡೆಯನ್ನು ಬೆಂಬಲಿಸಿ ಲಿಂಕನ್ನರಿಗೆ ಕಾಗದ ಬರೆದರು. ಮರು ತಿಂಗಳು ಲಿಂಕನ್ನರು ಅವರ ಕಷ್ಟವನ್ನು ನೆನೆದು ಉತ್ತರ ಬರೆದರು. ಆ ಸಭೆಯ ಮರುದಿನವೇ, 1863ರ ಜನವರಿ 1ರಂದು, ಬಂಡೆದ್ದ ಪ್ರದೇಶಗಳ ಗುಲಾಮರೆಲ್ಲ ಸ್ವತಂತ್ರರೆಂಬ ಘೋಷಣೆ ಹೊರಟಿತ್ತು. ಗುಲಾಮಗಿರಿಯ ತಂಟೆಗೆ ಹೋಗುವುದಿಲ್ಲವೆಂದು ಪ್ರಮಾಣವಚನದ ದಿನ ಹೇಳಿದವರಿಂದ, ಎರಡು ವರ್ಷ ತುಂಬುವ ಮೊದಲೇ! ಹೆದರಿದ ಜಮೀನುದಾರರ ಭವಿಷ್ಯ ನಿಜವಾಯಿತು. ನಿಜ ಮಾಡಿದ್ದು ಅವರೇ ಹೂಡಿದ ಯುದ್ಧ.

ಇತ್ತ ಮುಂಬಯಿಯಲ್ಲೂ ಜೋಯಿಸರು ಹುಟ್ಟಿಕೊಂಡಿದ್ದರು. ಯುದ್ಧ ಇನ್ನೂ ಬಹುಕಾಲ ನಡೆಯುತ್ತದೆಂಬುದು ಇವರ ಭವಿಷ್ಯ. ಹತ್ತಿಯ ಹಣ ಹೊಳೆಯಾಗಿ ಹರಿಯಿತು. ಬ್ಯಾಂಕುಗಳೂ ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳೂ ನಾಯಿಕೊಡೆಗಳಂತೆ ಎದ್ದವು. ವ್ಯಾಪಾರಿಗಳಷ್ಟೇ ಅಲ್ಲದೆ ಸಣ್ಣ ಪುಟ್ಟ ನೌಕರಿಯವರೂ ಷೇರಿನ ಹಿಂದೆ ಬಿದ್ದರು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಲೀ ಶರಣಾದರು. ಹತ್ತಿಯ ಧಾರಣೆ ಕುಸಿಯಿತು. ಜುಲೈ 1ರ ವಾಯಿದೆಯ ದಿನ ಲೆಕ್ಕ ತೀರಿಸಲಾರದೆ ಊರಿಗೆ ಊರೇ ದಿವಾಳಿಯೆದ್ದಿತು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಬಂತು. ಗೋಪುರಕ್ಕೆ ದಾನ ಕೊಟ್ಟ ಪ್ರೇಮಚಂದರೂ ಮುಳುಗಿದರು. ಧಾರಣೆಯ ಭರವಸೆಯಲ್ಲಿ ಸಾಲ ಮಾಡಿದ್ದ ಒಕ್ಕಲಿಗನ ಸಾಲ ಮಾತ್ರ ಹಾಗೆಯೇ ನಿಂತಿತು. ಅಧ್ಯಕ್ಷರನ್ನು ನೋಡಿ ಷೇರು ಕೊಳ್ಳುವ ಗೆಳೆಯರು ಈ 2,850 ಮತ್ತು 87 ಎಂಬ ಎರಡು ಅಂಕಿಗಳನ್ನು ಜೇಬಿನಲ್ಲಿ ಬರೆದಿಟ್ಟುಕೊಳ್ಳುವುದು ಮೇಲು.

ಹಾಗಾದರೆ ಭವಿಷ್ಯ ಹೇಳಲೇಬಾರದೆ ಎಂದು ಕೇಳುವಿರಿ. ಹೇಳಬಹುದಾದುದು ಸ್ವಲ್ಪ ಇದೆ. ಮನುಷ್ಯನ ಹಿಂದಿನ ಕೆಲಸದಿಂದ ಅವನ ರೀತಿ ತಿಳಿಯುತ್ತದೆ, ಫಲ ತಿಳಿಯುವುದಿಲ್ಲ. 1928ರಲ್ಲಿ ಗೆದ್ದ ಹೂವರರನ್ನೇ ನೋಡಿ. ಮಹಾಯುದ್ಧದಲ್ಲಿ ಬೆಲ್ಜಿಯಮ್ಮಿಗೆ ಅನ್ನ ಕೊಟ್ಟವರು, 1927ರ ಮಿಸಿಸಿಪಿ ನೆರೆಯಲ್ಲಿ ಜನರನ್ನು ಕಾಪಾಡಿದವರು. ಕಷ್ಟಕಾಲಕ್ಕೆ ಇಂಥವರೇ ಬೇಕೆಂದು ಜನ ನಂಬಿದ್ದು ತಪ್ಪೇ? ಆದರೆ ನೆರೆಯ ಪರಿಹಾರವನ್ನು ಅವರು ನಡೆಸಿದ್ದು ಬಹುಮಟ್ಟಿಗೆ ರೆಡ್ ಕ್ರಾಸಿನ ಮೂಲಕ, ದಾನಿಗಳ ಹಣದಿಂದ. 1929ರ ಅಕ್ಟೋಬರಿನಲ್ಲಿ ಷೇರುಪೇಟೆ ಬಿದ್ದು ಕೋಟ್ಯಂತರ ಜನ ನಿರುದ್ಯೋಗಿಗಳಾದಾಗಲೂ ಅವರು ದಾನದ ದಾರಿಯನ್ನೇ ಬಹುಕಾಲ ನಂಬಿ ಕುಳಿತರು. ರೀತಿ ಅದೇ, ಹೊಳೆ ಬೇರೆ.

ಕೊನೆಗೆ, ಸ್ವತಃ ಲಿಂಕನ್ನರು ಹೇಳಿದ ಒಂದು ಭವಿಷ್ಯವನ್ನು ತಿಳಿಸಿ ಮುಗಿಸುತ್ತೇನೆ. 1864ರ ಬೇಸಗೆ. ಯುದ್ಧ ಮುಗಿಯುವ ಲಕ್ಷಣವಿಲ್ಲ, ಜನ ಬೇಸತ್ತಿದ್ದಾರೆ, ನವೆಂಬರಿನಲ್ಲಿ ಮತ್ತೆ ಚುನಾವಣೆ. ಆಗಸ್ಟ್ 23ರಂದು ಅವರು ಒಂದು ಕಾಗದ ಬರೆದರು: ಈ ಸರಕಾರ ಪುನಃ ಆರಿಸಿ ಬರುವ ಸಂಭವ ಬಹಳ ಕಡಿಮೆ, ಹಾಗಾದರೆ ಹೊಸಬರು ಅಧಿಕಾರಕ್ಕೆ ಬರುವ ಮೊದಲು ಅವರೊಡನೆ ಸಹಕರಿಸಿ ಒಕ್ಕೂಟವನ್ನು ಉಳಿಸುವುದು ತನ್ನ ಕರ್ತವ್ಯ, ಎಂದು ಅದರ ಸಾರಾಂಶ. ಕಾಗದವನ್ನು ಮಡಿಸಿ, ಒಳಗೇನಿದೆಯೆಂದು ತೋರಿಸದೆ, ಮಂತ್ರಿಗಳೆಲ್ಲರಿಂದ ಹಿಂಬದಿಯಲ್ಲಿ ಸಹಿ ಮಾಡಿಸಿ ಇಟ್ಟುಕೊಂಡರು. ಹತ್ತು ದಿನ ಕಳೆಯುವಷ್ಟರಲ್ಲಿ ಅಟ್ಲಾಂಟಾ ನಗರ ಅವರ ಸೈನ್ಯದ ವಶವಾಯಿತು. ಚುನಾವಣೆಯಲ್ಲಿ ಅವರಿಗೆ 212, ಎದುರಾಳಿಗೆ 21. ಗೆದ್ದ ಕೆಲವು ದಿನಗಳಿಗೆ, ನವೆಂಬರ್ 11ರಂದು, ಅವರು ಮಂತ್ರಿಗಳನ್ನು ಕೂಡಿಸಿ, ನೀವು ಓದದೆ ಸಹಿ ಮಾಡಿದ್ದು ಇದಕ್ಕೆ ಎಂದು ಆ ಕಾಗದವನ್ನು ಬಿಡಿಸಿ ಓದಿ ತೋರಿಸಿದರು.