ಕಾಂಪೌಂಡ್ ಎತ್ತರ ಇದ್ರೆ ಹೊಗೆ ಬರಲ್ವಾ?

ಹೆದ್ದಾರಿ ಪಕ್ಕ ಬಾಡಿಗೆ ಮನೆ ನೋಡೋಕೆ ಹೋದ್ರೆ ಓನರ್ ಹೇಳೋ ಮಾತು ಒಂದೇ: "ಕಾಂಪೌಂಡ್ ಎತ್ತರ ಇದೆ, ಮುಂದೆ ಮರ ಇದೆ, ಹೊಗೆ ಬರಲ್ಲ." ನಂಬಬಹುದಾ? ಅರ್ಧ ನಂಬಬಹುದು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ನಾರ್ತ್ ಕೆರೊಲಿನಾದ ರಾಲಿ ನಗರದ ಹೆದ್ದಾರಿ ಬದಿಯಲ್ಲಿ ಇದನ್ನ ಅಳೆದು ನೋಡಿದೆ. ಗಾಳಿ ರಸ್ತೆಯಿಂದ ಮನೆಗಳ ಕಡೆ ಬೀಸುವಾಗ, ಶಬ್ದ ತಡೆಯೋಕೆ ಕಟ್ಟಿದ ಗೋಡೆಯ ಹಿಂದೆ ಮಾಲಿನ್ಯ ಕಡಿಮೆ ಇತ್ತು. ಆದ್ರೆ ಗೋಡೆ ಹೊಗೆಯನ್ನ ನುಂಗಲ್ಲ. ಮೇಲಕ್ಕೆ ಎತ್ತಿ, ಹೆಚ್ಚು ಗಾಳಿ ಜೊತೆ ಬೆರೆಸಿ ತೆಳು ಮಾಡುತ್ತೆ, ಅಷ್ಟೇ.

ಬಿ.ಕಾಂ. ಓದಿದ ನನ್ನ ಭಾಷೇಲಿ ಹೇಳೋದಾದ್ರೆ, ಇದು ಸಾಲ ಮನ್ನಾ ಅಲ್ಲ. ಸ್ವಲ್ಪ ಬಾಕಿ ಇನ್ನೊಬ್ಬರ ಖಾತೆಗೆ ವರ್ಗ ಆಗುತ್ತೆ. ಗೋಡೆಯ ರಸ್ತೆ ಬದಿಯಲ್ಲಿ ಹೊಗೆ ಇನ್ನೂ ಹೆಚ್ಚಾಗಬಹುದು. ಅಲ್ಲಿ ಇರೋದು ಯಾರು? ಬಸ್ಸಿಗೆ ಕಾಯೋರು, ಡೆಲಿವರಿ ಹುಡುಗರು, ಟ್ರಾಫಿಕ್ ಪೊಲೀಸರು, ತಳ್ಳುಗಾಡಿಯವರು.

ಮರದ ಲೆಕ್ಕ ಬೇರೆ. ಇಪಿಎ 2016ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ, ಹಸಿರು ತಡೆ ಕನಿಷ್ಠ 5 ಮೀಟರ್ ಎತ್ತರ, ಸುಮಾರು 10 ಮೀಟರ್ ದಪ್ಪ ಇರಬೇಕು. ನೆಲದಿಂದ ತುದಿವರೆಗೂ, ವರ್ಷಪೂರ್ತಿ ಎಲೆ ತುಂಬಿರಬೇಕು. ಸಂದು ಇದ್ರೆ ಅಲ್ಲಿಂದಲೇ ಹೊಗೆ ನುಗ್ಗುತ್ತೆ. ನಮ್ಮ ಬೆಂಗಳೂರಿನ ಮಳೆಮರ ನೆನಪಿಸಿಕೊಳ್ಳಿ: ಕೆಳಗೆ ಬರೀ ಕಾಂಡ, ಮೇಲೆ ಕೊಡೆ. ನೆರಳಿಗೆ ಅದು ಬೇಕೇ ಬೇಕು, ಆದ್ರೆ ಹೊಗೆಗೆ ಅದು ಗೋಡೆ ಅಲ್ಲ. ಎರಡೂ ಕಡೆ ಎತ್ತರದ ಕಟ್ಟಡ ಇರೋ ಕಿರಿದಾದ ರಸ್ತೆಯಲ್ಲಿ, ದಟ್ಟ ಕೊಡೆಯ ಕೆಳಗೆ ಹೊಗೆ ಸಿಕ್ಕಿಹಾಕಿಕೊಳ್ಳಲೂಬಹುದು.

ಹಾಗಾದ್ರೆ ಮನೆ ನೋಡುವಾಗ ಏನು ಗಮನಿಸಬೇಕು?

ಒಂದು, ದೂರ. ಹೆದ್ದಾರಿಯಿಂದ ಮೊದಲ 150 ಮೀಟರ್ ಒಳಗೇ ಮಾಲಿನ್ಯ ಅತಿ ಹೆಚ್ಚು.

ಎರಡು, ಗೋಡೆ ಎಲ್ಲಿ ಮುಗಿಯುತ್ತೆ, ಗೇಟ್ ಎಲ್ಲಿದೆ? ನಿಮ್ಮ ಮನೆ ಆ ತುದಿಯಲ್ಲಿದ್ರೆ, ಅಥವಾ ಕಿಟಕಿ ಗೋಡೆಗಿಂತ ಮೇಲಿದ್ರೆ, ರಕ್ಷಣೆ ಕಡಿಮೆ.

ಮೂರು, ಗಾಳಿ. ನಮ್ಮಲ್ಲಿ ಮುಂಗಾರಲ್ಲಿ ಹೆಚ್ಚಾಗಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದಿಂದ ಬೀಸುತ್ತೆ. ರಸ್ತೆ ನಿಮ್ಮ ಮನೆಯ ಪೂರ್ವಕ್ಕಿದ್ರೆ, ಜುಲೈನಲ್ಲಿ ನೋಡಿ ಅಡ್ವಾನ್ಸ್ ಕೊಟ್ಟ ಮನೆಗೆ ಡಿಸೆಂಬರಲ್ಲಿ ಹೊಗೆ ಬರಬಹುದು.

ಇನ್ನು ಬಡಾವಣೆಯವರು ಗೋಡೆ ಕೇಳಿದ್ರೆ ತಪ್ಪಿಲ್ಲ, ಕೇಳಲಿ. ಆದ್ರೆ ಗೋಡೆ ಬಂತು ಅಂತ ಹೊಗೆ ಉಗುಳೋ ಗಾಡಿಗಳ ಬಗ್ಗೆ ಕೇಳೋದನ್ನ ನಿಲ್ಲಿಸಬಾರದು. ಗೋಡೆಯ ಆ ಕಡೆ ನಿಂತವರಿಗೂ ಉಸಿರಾಡೋಕೆ ಇರೋದು ಅದೇ ಗಾಳಿ.

ಮುಂದಿನ ವಾರ ಸಿಗೋಣ.