ಬೆಸ ಸಂಖ್ಯೆಗಳೆಲ್ಲಾ ಎಲ್ಲಿ ಹೋದವು?

ಲ್ಯಾಪ್‌ಟಾಪ್ ಮುಂದೆ ಕೂತಿರೋರು ಬ್ರೌಸರ್ ಕನ್ಸೋಲ್ ತೆಗೆದು ಈ ಸಂಖ್ಯೆ ಟೈಪ್ ಮಾಡಿ: 9007199254740993. ಎಂಟರ್ ಒತ್ತಿ. ಕೊನೆಯ 3 ಹೋಗಿ 2 ಬಂತು, ಅಲ್ವಾ? ಎರರ್ ಇಲ್ಲ, ವಾರ್ನಿಂಗೂ ಇಲ್ಲ.

53 ಎರಡುಗಳನ್ನು ಗುಣಿಸಿ, ಒಂದು ಕೂಡಿಸಿದರೆ ಬರೋ ಸಂಖ್ಯೆ ಇದು. ತೊಂಬತ್ತು ಕೋಟಿಯಷ್ಟು ಕೋಟಿಗಿಂತ ಸ್ವಲ್ಪ ಜಾಸ್ತಿ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್‌ಗೆ 64 ಬಿಟ್ ಜಾಗ: ಚಿಹ್ನೆಗೆ 1, ಘಾತಕ್ಕೆ 11, ಅಂಕಿಗಳಿಗೆ 52. ಮೊದಲ ಅಂಕಿ ಹೇಗೂ 1 ಇರುತ್ತೆ ಅಂತ ಅದನ್ನು ಬರೆಯೋದೇ ಇಲ್ಲ, ಹಾಗಾಗಿ ಲೆಕ್ಕಕ್ಕೆ 53 ಸಿಕ್ಕವು. ನಮ್ಮ ಸಂಖ್ಯೆ ಬೈನರಿಯಲ್ಲಿ ಹೀಗಿದೆ: ಒಂದು 1, ಆಮೇಲೆ 52 ಸೊನ್ನೆ, ತುದಿಗೆ ಇನ್ನೊಂದು 1. ಒಟ್ಟು 54. ತುದಿಯ ಒಂದಕ್ಕೆ ಸೀಟಿಲ್ಲ! ಇಲ್ಲಿಂದ ಮುಂದೆ, ಸಂಖ್ಯೆ ದುಪ್ಪಟ್ಟಾಗೋವರೆಗೂ, ಸಮ ಸಂಖ್ಯೆಗಳಿಗೆ ಮಾತ್ರ ಪ್ರವೇಶ.

ಒಂದೇ ಅಂಕಿ ತಾನೇ ಅನ್ನಬೇಡಿ. 992ಕ್ಕೆ ಮುಗಿಯೋದನ್ನು ಒಡೆದರೆ ಬರೀ ಎರಡುಗಳು. 993ಕ್ಕೆ ಮುಗಿಯೋದರ ಅಂಕಿ ಕೂಡಿಸಿ, 78 ಬರುತ್ತೆ. ಶಾಲೆಯಲ್ಲಿ ಕಲಿತ ಹಾಗೆ, ಮೂರರಿಂದ ಭಾಗವಾಗುತ್ತೆ. 107ರಿಂದಲೂ ಆಗುತ್ತೆ. ಅಕ್ಕಪಕ್ಕದ ಮನೆ, ಆದರೆ ಒಂದು ಎಂಬುದನ್ನು ಬಿಟ್ಟರೆ ಸಾಮಾನ್ಯ ಅಪವರ್ತನವೇ ಇಲ್ಲ.

ನಾನಿದನ್ನು ಕಲಿತದ್ದು ಪುಣೆಯಲ್ಲಿ, ಹಿಂಜವಡಿಯ ಒಂದು ಆಫೀಸಲ್ಲಿ. ಗ್ರಾಹಕರ ಐಡಿ 16 ಅಂಕಿಯದ್ದು, ಮೊದಲೆರಡು ಅಂಕಿ ವಲಯದ ಕೋಡ್. ಹೊಸ ವಲಯಕ್ಕೆ 91 ಕೊಟ್ಟಿದ್ವಿ. ಟೆಸ್ಟಿಂಗ್‌ನಲ್ಲಿದ್ದ ಧಾರವಾಡದ ಹುಡುಗಿ ಬಂದು, "ಸರ, ಹೊಸಾ ಲಿಸ್ಟಿನ್ಯಾಗ ಬೆಸ ಸಂಖ್ಯೆ ಒಂದೂ ಕಾಣವಲ್ದು ನೋಡ್ರಿ" ಅಂದಳು. ನಾನು ಡೇಟಾಬೇಸ್ ನೋಡಿದೆ, ಬೆಸ ಇದ್ದವು. ಹಳೇ ವಲಯದ ಒಂದು ಐಡಿಯನ್ನು ಸ್ಕ್ರೀನಲ್ಲಿ ತೆರೆದೆ, ಸರಿಯಾಗೇ ಬಂತು. ಕಾಕತಾಳೀಯ ಅಂತ ಬರೆದು ಟಿಕೆಟ್ ಮುಚ್ಚಿಬಿಟ್ಟೆ. ಡೇಟಾಬೇಸ್‌ನಲ್ಲಿ ಸರಿಯಿದ್ದದ್ದು ಬ್ರೌಸರಿಗೆ ಬರೋವಾಗ ಕೆಡುತ್ತೆ ಅಂತ ಹೊಳೆಯಲೇ ಇಲ್ಲ.

ನಾಲ್ಕು ದಿನಕ್ಕೆ ಒಬ್ಬರ ವಿಳಾಸ ಬದಲಾವಣೆ ಪಕ್ಕದ ಐಡಿಯವರ ಖಾತೆಗೆ ಹೋಗಿ ಕೂತಿತು. ಅವರ ಕಾರ್ಡು ಯಾರದೋ ಮನೆ ಬಾಗಿಲಿಗೆ. ಮೀಟಿಂಗಲ್ಲಿ ಮೊದಲ ಪ್ರಶ್ನೆ: ಟೆಸ್ಟಿಂಗ್‌ನವರು ಏನ್ ಮಾಡ್ತಿದ್ರಿ? ಅವಳು ನನ್ನ ಕಡೆ ನೋಡಿದಳು. ನಾನು ನೋಟ್‌ಬುಕ್ ನೋಡ್ತಾ ಕೂತೆ. ಅಪ್ರೈಸಲ್ ತಿಂಗಳು, ನಿಮಗೆ ಗೊತ್ತಲ್ಲ.

ಪರಿಹಾರಕ್ಕೆ ಅರ್ಧ ದಿನ ಸಾಕಾಯ್ತು: ಐಡಿಯನ್ನು ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ ಆಗಿ ಕಳಿಸೋದು. 2010ರಲ್ಲಿ ಟ್ವಿಟರ್‌ನವರೂ ಇದೇ ಕಾರಣಕ್ಕೆ ಪ್ರತಿ ಟ್ವೀಟ್ ಐಡಿಯನ್ನು ಸ್ಟ್ರಿಂಗ್ ರೂಪದಲ್ಲೂ ಕೊಡೋಕೆ ಶುರುಮಾಡಿದ್ದರು. ಮುಚ್ಚಿದ ಟಿಕೆಟ್ ಲಗತ್ತಿಸಿ, ತಪ್ಪು ನನ್ನದು ಅಂತ ಎಲ್ಲರಿಗೂ ಮೇಲ್ ಹಾಕೋಕೆ ಮಾತ್ರ ನನಗೆ ಎರಡು ದಿನ ಬೇಕಾಯ್ತು.

ಅವಳ ಉತ್ತರ ಒಂದೇ ಸಾಲು: "ಸರ, 91ರಾಗಿನ ಬೆಸ ಐಡಿ ಎಲ್ಲಾ ಮತ್ತ ಚೆಕ್ ಮಾಡೇನ್ರಿ, ಇನ್ನೂ ಹನ್ನೊಂದು ಮಂದೀದು ಹಿಂಗ ಆಗೇತಿ."